ಅಂಗೈಯಲ್ಲಿ ಶಾಯಿ

ಹತ್ತೂವರೆ ದಾಟಿದ ಮೇಲೆ ಚಿಕ್ಕಸ್ವಾಮಿಗೆ ತನ್ನ ಎಡಗೈಯ ಮೇಲೆಯೇ ಅನುಮಾನ ಬಂತು. ಬೆಳಗಿನಿಂದ ಅವನಿಗೆ ಕೊಟ್ಟಿದ್ದ ಕೆಲಸ ಒಂದೇ. ಓಟು ಹಾಕಲು ಬಂದವರ ಎಡಗೈ ತೋರುಬೆರಳನ್ನು ತನ್ನ ಎಡಗೈಯಲ್ಲಿ ಹಿಡಿದುಕೊಳ್ಳಬೇಕು, ಮರಳು ತುಂಬಿದ ಕರಟದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಶಾಯಿ ಸೀಸೆಗೆ ಬಲಗೈಯಿಂದ ಕಡ್ಡಿ ಅದ್ದಬೇಕು, ಉಗುರೂ ಚರ್ಮವೂ ಕೂಡುವಲ್ಲಿ ಒಂದು ಗೆರೆ ಎಳೆದು ಮುಂದಿನ ಮೇಜಿಗೆ ಕಳಿಸಬೇಕು. ಎರಡನೇ ಕ್ಲಾಸಿನ ಹುಡುಗನೂ ಮಾಡಬಹುದಾದ ಕೆಲಸ. ಎಂಟು ಗಂಟೆಯಿಂದ ಎಷ್ಟೋ ಬೆರಳು ಹಿಡಿದಿದ್ದ. ತೆಂಗಿನ ಗರಿ ಸಿಗಿದು ಒರಟಾದವು, ಹಾಲು ಕರೆದು ನುಣುಪಾದವು, ಬೀಡಿ ಹೊಗೆಗೆ ಹಳದಿಯಾದವು. ಹತ್ತು ಗಂಟೆಗೆ ಕಾಲೊನಿಯವರು ಬರಲು ಶುರುವಾದ ಮೇಲೆ ಮಾತ್ರ ಅವನ ಎಡಗೈ ತೊಡೆಯ ಮೇಲೆ ಕೂತುಬಿಟ್ಟಿತ್ತು. ಬಾಯಿ ತಾನಾಗಿ “ಬೆರಳು ಮೇಜಿನ ಮೇಲಿಡಿ” ಅನ್ನುತ್ತಿತ್ತು. ಅವರು ಇಡುತ್ತಿದ್ದರು, ಇವನು ಮೇಲಿಂದಲೇ ಗೆರೆ ಎಳೆಯುತ್ತಿದ್ದ. ಯಾರು ಕಾಲೊನಿಯವರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೈ ಹಿಡಿಮಾಡಿಕೊಂಡು ಒಳಗೆ ಬರುವ ರೀತಿಯಲ್ಲೇ ಕೈಗೆ ತಿಳಿದುಹೋಗುತ್ತಿತ್ತು. ಮೇಜಿನ ಮೇಲಿಟ್ಟರೆ ಗೆರೆ ಇನ್ನೂ ನೇರ ಬರುತ್ತದೆ ಎಂದು ಒಂದು ಗಳಿಗೆ ತನಗೇ ಸಮಜಾಯಿಷಿ ಕೊಟ್ಟುಕೊಂಡ. ಅಷ್ಟರಲ್ಲಿ ಗೌಡರ ಬೀದಿಯ ಹೆಂಗಸೊಬ್ಬಳು ಬಂದಳು. ಎಡಗೈ ತೊಡೆ ಬಿಟ್ಟು ಎದ್ದು ಹೋಗಿ ಆಕೆಯ ಬೆರಳು ಹಿಡಿಯಿತು. ಥತ್ ನಿನ್ನ, ಅಂದುಕೊಂಡ. ಅಂದದ್ದು ಕೈಗೆ.

ಇವನೇನು ಅಂಥ ಮನುಷ್ಯನಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಅವನೂ ಅದನ್ನೇ ಆಗ ತನಗೆ ಹೇಳಿಕೊಳ್ಳುತ್ತಿದ್ದ. ನಾಗಮಂಗಲದ ಶಾಲೆಯಲ್ಲಿ ಹದಿಮೂರು ವರ್ಷದಿಂದ ಮೇಷ್ಟ್ರು. ವಾರವೆಲ್ಲ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಕ್ಯಾತನಹಳ್ಳಿಗೆ, ಹೆಂಡತಿ, ಮಗಳು ಚಿನ್ನು, ಅವ್ವ ಪುಟ್ಟತಾಯಮ್ಮ ಇರುವ ಮನೆಗೆ. ತರಗತಿಯಲ್ಲಿ ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಉಣ್ಣಿಸಿದವನು, ಅದಕ್ಕಾಗಿ ಇಬ್ಬರು ಯಜಮಾನರಿಂದ ಬೈಸಿಕೊಂಡವನು. ಆ ತೊಂಬತ್ತಮೂರರ ಕಾಯಿದೆ ಬಂದಾಗ, ಪಂಚಾಯ್ತಿಯಲ್ಲಿ ಹೆಂಗಸರಿಗಿಷ್ಟು, ದಲಿತರಿಗಿಷ್ಟು ಸೀಟು ಎಂದು ಖಾತ್ರಿಯಾದಾಗ, ಒಂದು ವಾರ ಸ್ಟಾಫ್ ರೂಮಿನಲ್ಲಿ ಬಿಡಿಸಿ ಬಿಡಿಸಿ ವಿವರಿಸಿದ್ದ. ಕೇಳಿ ಕೇಳಿ ಸಾಕಾದ ಡ್ರಿಲ್ ಮೇಷ್ಟ್ರು, ನೀವೇ ಹೋಗಿ ನಿಂತುಬಿಡಿ ಸಾರ್ ಅಂದಿದ್ದರು. ಅಂಥವನ ಕೈ ಹೀಗೆ ಕಳ್ಳಬೆಕ್ಕಿನ ಹಾಗೆ ತೊಡೆ ಮೇಲೆ ಮುದುರಿಕೊಂಡದ್ದೇಕೆ? ಡ್ಯೂಟಿ ಪಟ್ಟಿಯಲ್ಲಿ ಹುಣಸೇಕೊಪ್ಪಲು ಎಂದು ಕಂಡಾಗಲೇ ಅದು ನನ್ನ ಅಜ್ಜಿಯ ಊರು, ಬೇರೆ ಕಡೆ ಹಾಕಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೊಣಕೆರೆಯಲ್ಲಿ ಇಳಿದು ಎತ್ತಿನಗಾಡಿಯಲ್ಲಿ ಅಜ್ಜಿಯ ಊರಿಗೆ ಹೋಗುವ ಆಸೆ ಮೂವತ್ತೈದರ ಗಂಡಸಿಗೂ ಇರುತ್ತದೆ. ಈ ಸಲ ಹೋದದ್ದು ಓಟಿನ ಪೆಟ್ಟಿಗೆ ಹೇರಿದ ಲಾರಿಯಲ್ಲಿ.

ಬೆಳಗ್ಗೆ ಆರಕ್ಕೆಲ್ಲ ಸೋದರಮಾವ ಮರೀಗೌಡ ಅವರೆಕಾಳಿನ ಉಪ್ಪಿಟ್ಟು ತುಂಬಿದ ಪಾತ್ರೆ ಹೊರಿಸಿಕೊಂಡು ಶಾಲೆಗೆ ಬಂದಿದ್ದರು. ಪುಟ್ತಾಯಿ ಮಗ ಬಂದವ್ನೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ಅವನ ಗಲ್ಲ ಸವರಿ, ಸೊರಗಿಹೋಗಿದ್ದೀಯ ಎಂದು ನೊಂದುಕೊಂಡರು. ಆಮೇಲೆ ಹತ್ತಿರ ಬಂದು, ಮತಗಟ್ಟೆ ಅಧಿಕಾರಿ ಪುಟ್ಟರಾಜುವಿನ ಕಡೆ ಗದ್ದ ತೋರಿ, ಸಾಹೇಬ್ರು ಯಾವ ಪೈಕ್ಲಾ ಎಂದು ಕಿವಿಯಲ್ಲಿ ಕೇಳಿದರು. ಚಿಕ್ಕಸ್ವಾಮಿ ಗೊತ್ತಿಲ್ಲ ಮಾವ ಅಂದ. ಗೊತ್ತಿತ್ತು. ಹಿಂದಿನ ರಾತ್ರಿ ಜಮಖಾನದ ಮೇಲೆ ಪಕ್ಕದಲ್ಲೇ ಮಲಗಿದ್ದಾಗ ಪುಟ್ಟರಾಜು ತಾನು ಕೆ.ಆರ್. ಪೇಟೆ ಕಡೆಯವನು, ಹೊಸಹೊಳಲಿನ ದೇವಸ್ಥಾನವನ್ನು ಹುಡುಗನಾಗಿದ್ದಾಗ ಹೊರಗಿನಿಂದಲೇ ಸುತ್ತಿ ನೋಡುತ್ತಿದ್ದೆವು ಎಂದು ತಣ್ಣಗೆ ಹೇಳಿದ್ದ. ಹೊರಗಿನಿಂದಲೇ ಎಂಬ ಮಾತು ಸಾಕಾಗಿತ್ತು. ಗೊತ್ತಿಲ್ಲ ಅಂದದ್ದು ಪುಟ್ಟರಾಜುವನ್ನು ಕಾಪಾಡಲೋ, ಅವನ ಪಕ್ಕ ಮಲಗಿದ ತನ್ನನ್ನು ಕಾಪಾಡಲೋ ಎಂದು ಉಪ್ಪಿಟ್ಟು ತಿನ್ನುತ್ತ ಯೋಚಿಸಿದ, ಉತ್ತರ ಸಿಗುವ ಮೊದಲೇ ಎರಡನೇ ಸಲ ಬಡಿಸಿಕೊಂಡ.

ಮಾವನಿಗೂ ಈ ಚುನಾವಣೆಯಲ್ಲಿ ಕೈ ಇತ್ತು. ಈ ಸಲ ಇಲ್ಲಿಯ ಸೀಟು ದಲಿತ ಹೆಂಗಸಿಗೆ ಮೀಸಲು. ಹಾಗೆಂದು ಗೌಡರೇನು ಸುಮ್ಮನೆ ಕೂರಲಿಲ್ಲ. ಮಾವನ ಕೊಟ್ಟಿಗೆ ಗುಡಿಸುವ ಮರಿಯಯ್ಯನ ಹೆಂಡತಿಯಿಂದ ಅರ್ಜಿ ಹಾಕಿಸಿದ್ದರು. ಗೆದ್ರೂ ಕೊಟ್ಟಿಗೆ ಗುಡ್ಸೋದು ತಪ್ತದಾ ಎಂದು ನಗುತ್ತಲೇ ಹೇಳುತ್ತಿದ್ದರು. ಎದುರಿಗೆ ಕಾಲೊನಿಯವರು ತಾವೇ ಕೂಡಿ ಮಾತಾಡಿ ನಿಲ್ಲಿಸಿದವಳು ಪಾರ್ವತಮ್ಮ. ಮಾವನ ಮಗ ಚಲುವರಾಜು ಮರಿಯಯ್ಯನ ಹೆಂಡತಿಯ ಏಜೆಂಟಾಗಿ ಚಿಕ್ಕಸ್ವಾಮಿಯ ಎದುರಿನ ಬೆಂಚಿನ ಮೇಲೆ ಕೂತಿದ್ದ, ಬಾವ ಎಂದು ಕರೆದು ಆಗಾಗ ಎಲೆಅಡಿಕೆ ಚಾಚುತ್ತಿದ್ದ. ಒಳ್ಳೆಯ ಹುಡುಗ. ಚಿಕ್ಕಂದಿನಲ್ಲಿ ಇವನ ಬೆನ್ನ ಮೇಲೆ ಕೂತು ಹುಣಸೆಮರ ಹತ್ತಿದವನು.

ಹನ್ನೊಂದರ ಸುಮಾರಿಗೆ ಮೊದಲ ಮೇಜಿನಲ್ಲಿ ಪಟ್ಟಿ ಹಿಡಿದು ಕೂತವರು ಓದಿದರು: “ಸಿದ್ದಲಿಂಗಮ್ಮ, ಕೋಂ ಲೇಟ್ ಕರಿಯಯ್ಯ.” ಹೆಸರು ಚಿಕ್ಕಸ್ವಾಮಿಗೆ ಏನೂ ಹೇಳಲಿಲ್ಲ. ತಲೆಯೆತ್ತಿದಾಗ ಎದುರಿಗೆ, ಮೇಜಿನಿಂದ ಒಂದು ಮಾರು ಹಿಂದೆ, ಸಿದ್ದಿ ನಿಂತಿದ್ದಳು. ಎಷ್ಟು ಸಣ್ಣಗಾಗಿಬಿಟ್ಟಿದ್ದಳು. ಇವಳಿಗೆ ಇಷ್ಟುದ್ದದ ಹೆಸರಿತ್ತೇ ಎಂದು ಬೆರಗಾಯಿತು. ಅಜ್ಜಿಯ ಮನೆಯಲ್ಲಿ ಎಲ್ಲರ ಬಾಯಲ್ಲೂ ಸಿದ್ದಿ. ಆರು ವರ್ಷದ ಇವನ ಬಾಯಲ್ಲೂ ಸಿದ್ದಿ, ಲೇ ಸಿದ್ದಿ. ಅವಳೇ ಸೂಲಗಿತ್ತಿ. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದ ಅವ್ವ ಎರಡು ಹಗಲು ಒಂದು ರಾತ್ರಿ ನೊಂದ ಮೇಲೆ ಇವನು ಹುಟ್ಟಿದನಂತೆ, ಹುಟ್ಟಿದವನು ಅಳಲಿಲ್ಲವಂತೆ. ಮೈ ನೇರಳೆಹಣ್ಣಿನ ಬಣ್ಣ. ಅಜ್ಜಿ ಕೈಚೆಲ್ಲಿ ಗೋಡೆಗೆ ಒರಗಿದಳಂತೆ. ಸಿದ್ದಿ ಮಾತ್ರ ಬಾಯಿಗೆ ಬಾಯಿಟ್ಟು ಲೋಳೆ ಹೀರಿ ಉಗಿದು, ಉಸಿರು ಊದಿ, ಬೆನ್ನಿಗೆ ಎರಡು ಬಿಟ್ಟಳಂತೆ, ಆಗ ಅತ್ತನಂತೆ. ಅವ್ವ ಈ ಕತೆಯನ್ನು ಅವನ ಪ್ರತಿ ಹುಟ್ಟುಹಬ್ಬಕ್ಕೂ ಹೇಳುತ್ತಿದ್ದಳು. ಪುರುಡು ಕಳೆಯುವ ತನಕ, ಹನ್ನೊಂದು ದಿನ, ಬಾಣಂತಿಯನ್ನೂ ಕೂಸನ್ನೂ ಮುಟ್ಟುವುದು ಸಿದ್ದಿಯೊಬ್ಬಳೇ. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದು, ಲೋಬಾನ ಹಾಕಿ. ಆ ದಿನಗಳಲ್ಲಿ ಮೈಲಿಗೆ ಇವರದೇ ಆದ್ದರಿಂದ ಅವಳು ಮುಟ್ಟಬಹುದು. ಹನ್ನೊಂದಕ್ಕೆ ಮನೆ ಸಾರಿಸಿ, ಮೈ ತೊಳೆದು ಶುದ್ಧವಾದ ಮೇಲೆ ಅವಳು ಮತ್ತೆ ಹಿತ್ತಿಲ ಬಾಗಿಲಿನ ಆಚೆ. ಮುಂದೆ ಮೂರು ತಿಂಗಳು ಅವ್ವ ಒಳಗಿನಿಂದ ಕೂಸನ್ನು ಎತ್ತಿ ತೋರಿಸುತ್ತಿದ್ದಳು, ಅವಳು ಆಚೆಯಿಂದ ನೋಡುತ್ತಿದ್ದಳು.

ಆಮೇಲಿನದು ಚಿಕ್ಕಸ್ವಾಮಿಗೇ ನೆನಪಿರುವುದು. ರಜೆಗೆ ಬಂದಾಗ ಸಿದ್ದಿಗೆ ನೀರು ಹುಯ್ಯುವ ಕೆಲಸ ಅವನದು. ಹಿತ್ತಿಲ ಹೊಸ್ತಿಲ ಮೇಲೆ ಇವನು, ಕೆಳಗೆ ಬಾಗಿ ಬೊಗಸೆಯೊಡ್ಡಿ ಅವಳು. ಚೊಂಬನ್ನು ಎತ್ತರಕ್ಕೆ ಹಿಡಿಯಬೇಕು. ನೀರಿನ ಧಾರೆ ಸಣ್ಣಗಿರಬೇಕು, ನೇರ ಬೊಗಸೆಯ ನಡುವೆ ಬೀಳಬೇಕು, ಹನಿ ಎಗರಿ ಹೊಸ್ತಿಲಿಗೆ ತಾಕಬಾರದು. ಅವನು ಬೇಗ ಕಲಿತ. ಒಂದು ತೊಟ್ಟೂ ಚೆಲ್ಲಾಕಿಲ್ಲ ನನ್ ಮೊಮ್ಮಗ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು, ಇವನು ಎದೆಯುಬ್ಬಿಸುತ್ತಿದ್ದ. ಸಿದ್ದಿ ಕುಡಿದು ಮುಗಿಸಿ, ಒದ್ದೆ ಬಾಯಿ ಸೆರಗಿನಿಂದ ಒರೆಸಿಕೊಂಡು, ಸಾಕು ನನ್ನೊಡೆಯ ಎನ್ನುತ್ತಿದ್ದಳು.

ಈಗ ಅವನು ಎಡಗೈಯನ್ನು ತೊಡೆಯ ಮೇಲಿಂದ ಎತ್ತಿದ. ಎತ್ತಿದ್ದು ಅವಳ ಬೆರಳು ಹಿಡಿಯಲೆಂದೇ, ಅದನ್ನು ಅವನು ಆಮೇಲೆ ನೂರು ಸಲ ತನಗೆ ಹೇಳಿಕೊಂಡ. ಆದರೆ ಸಿದ್ದಿ ಬೆರಳು ಕೊಡಲಿಲ್ಲ. ಗೌಡರ ಮುಂದೆ ಕೈ ಚಾಚುವುದಕ್ಕೆ ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ. ಸೊಂಟ ಬಾಗಿಸಿ, ಎರಡು ಕೈಯನ್ನೂ ಕೂಡಿಸಿ, ಬೊಗಸೆ ಒಡ್ಡಿದಳು. ಅಷ್ಟೇ. ಎತ್ತಿದ ಕೈ ದಾರಿ ತಪ್ಪಿತು. ಕರಟದಿಂದ ಸೀಸೆಯನ್ನು ಕಿತ್ತುಕೊಂಡಿತು, ಮೇಲೆ ಹೋಯಿತು, ಓರೆಯಾಯಿತು. ನೇರಳೆ ಬಣ್ಣದ ಸಣ್ಣ ಧಾರೆ ನೇರ ಬೊಗಸೆಯ ನಡುವೆ ಬಿತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಬೆಂಚಿನ ಮೇಲಿದ್ದ ಏಜೆಂಟರು ಗೊಳ್ಳೆಂದು ನಕ್ಕರು. ಸಿದ್ದಿಯೂ ನಕ್ಕಳು, ಎಲ್ಲರೂ ನಗುವಾಗ ತಾನೂ ನಗಬೇಕೆಂಬಷ್ಟು ಮರ್ಯಾದೆ ಅವಳಿಗೆ ಗೊತ್ತು. ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡು, “ಆಯ್ತಾ ಬುದ್ದಿ? ನಾ ಬತ್ತೀನಿ” ಎಂದು, ಬಂದ ಬಾಗಿಲಲ್ಲೇ ಹೊರಟುಹೋದಳು. ಪುಟ್ಟರಾಜು ಆಗ ಹೊರಗೆ ಸಾಲಿನಲ್ಲಿ ಎದ್ದಿದ್ದ ಜಗಳ ಬಿಡಿಸುತ್ತಿದ್ದ. ಓಟಿನ ಚೀಟಿ ಕೊಡುವ ಮೂರನೇ ಮೇಜಿನವರು ಮಸಿ ಮೆತ್ತಿದ ಕನ್ನಡಕ ಒರೆಸುತ್ತಿದ್ದರು. ಹಾಕಿಕೊಂಡು ನೋಡುವಷ್ಟರಲ್ಲಿ ಮುದುಕಿ ಇಲ್ಲ. ಸಿದ್ದಲಿಂಗಮ್ಮ ಎಂದು ಎರಡು ಸಲ ಕೂಗಿದರು. ಆ ಹೆಸರಿಗೆ ಅವಳು ಯಾವತ್ತು ಓಗೊಟ್ಟಿದ್ದಳು?

“ಅವ್ಳದ್ದು ಮುಗೀತು ಬುಡಿ ಸಾರ್. ಶಾಯಿ ಬಿತ್ತಲ್ಲ, ಓದ್ಲು. ಮುಂದ್ಲೋರ್ನ ಕರೀರಿ,” ಅಂದ ಚಲುವರಾಜು. ಯಾಕೆ ಅಂದ ಎಂಬುದು ಚಿಕ್ಕಸ್ವಾಮಿಗೆ ತಿಳಿಯದೆ ಇರಲಿಲ್ಲ. ಪಾರ್ವತಮ್ಮ ಸಿದ್ದಿಯ ಸೊಸೆ.

ಪುಟ್ಟರಾಜು ಒಳಗೆ ಬಂದ, ಕೇಳಿದ, ಕೈಪಿಡಿ ತೆಗೆದು ಬೆರಳು ನೆಕ್ಕಿ ಪುಟ ತಿರುವಿದ. ಅವನು ಕಡ್ಡಿ ಮುರಿದಂತೆ ಮಾತಾಡುವ ಜಾತಿಯಲ್ಲ, ಪ್ರತಿ ಮಾತನ್ನೂ ತೂಗಿ ಇಡುವವನು. ಆಕೆ ತಾನೇ ಓಟು ಬೇಡವೆಂದು ಹೋಗಿದ್ದರೆ ಅಲ್ಲಿಗೆ ಮುಗಿಯಿತು, ಹಾಗೆಂದು ಬರೆದುಕೊಳ್ಳಬೇಕು. ನಮ್ಮವರ ತಪ್ಪಿನಿಂದ ಹೋಗಿದ್ದರೆ ಐದು ಗಂಟೆಯೊಳಗೆ ಕರೆಸಿ ಓಟು ಕೊಡಬೇಕು. ಯಾವುದು ಎಂದು ಎಲ್ಲರ ಮುಖ ನೋಡಿದ. ಚಿಕ್ಕಸ್ವಾಮಿಯ ಮುಖವನ್ನು ಇನ್ನೊಂದು ಗಳಿಗೆ ಹೆಚ್ಚಿಗೆ ನೋಡಿದನೋ, ಹಾಗೆಂದು ಇವನಿಗೆ ಅನ್ನಿಸಿತೋ. ಮುದುಕಿ ತಾನೇ ಹೋದಳು ಎಂದು ಬೆಂಚಿನವರು ಹೇಳಿದರು. ಅದು ಸುಳ್ಳೂ ಅಲ್ಲ. ಚಿಕ್ಕಸ್ವಾಮಿ ಸೀಸೆಯನ್ನು ಮರಳಿನಲ್ಲಿ ಒತ್ತಿ ಒತ್ತಿ ನೆಟ್ಟಗೆ ನಿಲ್ಲಿಸುತ್ತಿದ್ದ. ಊಟವಾದ ಮೇಲೆ ಬರೆಯೋಣ ಎಂದು ಪುಟ್ಟರಾಜು ಕೈಪಿಡಿ ಮುಚ್ಚಿದ. ಸಾಲು ಮುಂದೆ ಸರಿಯಿತು.

ಆ ಮೂರೂವರೆ ಗಂಟೆ ಚಿಕ್ಕಸ್ವಾಮಿ ಎಲ್ಲರ ಬೆರಳನ್ನೂ ಹಿಡಿದ. ಗೌಡರದು, ಕಾಲೊನಿಯವರದು, ಕುಂಬಾರರದು, ಯಾರದಾದರೂ ಸರಿ, ಎಗರಿ ಹಿಡಿದ. ಅಷ್ಟು ಬಿಗಿಯಾಗಿ ಹಿಡಿದ ಎಂದರೆ ಕಾಲೊನಿಯ ಹೆಣ್ಣುಮಗಳೊಬ್ಬಳು ಬೆದರಿ ಕೈ ಹಿಂದಕ್ಕೆಳೆದುಕೊಂಡಳು. ಆಗ ಇನ್ನೂ ನಾಚಿಕೆಯಾಯಿತು. ಇವರ ಕೈ ಹಿಡಿದು ಯಾರ ಸಾಲ ತೀರಿಸುತ್ತಿದ್ದೇನೆ? ಒಂದೇ ಒಂದು ಮಾತು ಬೇಕಾಗಿದ್ದದ್ದು: ತಪ್ಪು ನನ್ನದು. ಆ ಮಾತು ಹೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಯಾಕೆ ಎಂದರೆ ಹಿತ್ತಿಲ ಬಾಗಿಲು, ಚೊಂಬು, ಅಜ್ಜಿ ಎಲ್ಲವನ್ನೂ ಪುಟ್ಟರಾಜುವಿನ ಮುಂದೆ ಬಿಚ್ಚಬೇಕು. ಮಾವನ ಉಪ್ಪಿಟ್ಟು ಹೊಟ್ಟೆಯಲ್ಲಿತ್ತು. ಚಲುವರಾಜುವಿನ ಎಲೆಅಡಿಕೆ ಬಾಯಲ್ಲಿತ್ತು. ಸಂಜೆ ಮನೆಗೆ ಬಂದು ಹೋಗಬೇಕು, ನಿಮ್ಮತ್ತೆ ಕಾಯುತ್ತಿರುತ್ತಾಳೆ ಎಂದು ಮಾವ ಹೇಳಿ ಕಳಿಸಿದ್ದರು. ಒಬ್ಬ ಮುದುಕಿಯ ಒಂದು ಓಟಿನಿಂದ ಏನು ಮುಳುಗಿಹೋಗುತ್ತದೆ ಎಂದುಕೊಂಡ. ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ಹೀಗೇ ಅಂದಿದ್ದಾಗ ಮೇಜು ಗುದ್ದಿದ್ದ ತನ್ನ ಮುಷ್ಟಿ ನೆನಪಾಯಿತು.

ಎರಡೂವರೆಗೆ ಸಾಲು ಖಾಲಿಯಾದಾಗ ಕಿಟಕಿಯಾಚೆಯಿಂದ ಅವಳ ದನಿ ಕೇಳಿತು. ಹುಣಸೆಮರದ ಕೆಳಗೆ ಕೂತು, ಓಟು ಹಾಕಲು ಹೆದರುತ್ತಿದ್ದ ಇನ್ನಾವಳೋ ಮುದುಕಿಗೆ ಸಿದ್ದಿ ಧೈರ್ಯ ಹೇಳುತ್ತಿದ್ದಳು. ಏನೂ ಕಷ್ಟ ಇಲ್ಲ, ಬೊಗಸೆ ಒಡ್ಡಿದರೆ ಅವರೇ ಹುಯ್ಯುತ್ತಾರೆ, ನಮ್ಮ ಪುಟ್ತಾಯವ್ವನ ಮಗನೇ ಕೂತವನೆ ಎನ್ನುತ್ತಿದ್ದಳು. ಇದುವರೆಗೆ ಪ್ರತಿ ಎಲೆಕ್ಷನ್ನಿನಲ್ಲೂ ನನ್ನ ಓಟು ನಾನು ಬರುವಷ್ಟರಲ್ಲಿ ಆಗಿಹೋಗಿರುತ್ತಿತ್ತು, ಈ ಸಲ ನನ್ನ ಕೈಯಾರೆ ಆಯಿತು ಎನ್ನುತ್ತಿದ್ದಳು. ಅಂಗೈ ಎರಡನ್ನೂ ಎತ್ತಿ ತೋರಿಸುತ್ತಿದ್ದಳು. ಬಿಸಿಲು ತಾಗಿದಷ್ಟೂ ಕಪ್ಪಾಗುವ ಶಾಯಿ ಅದು. ಮಣಿಕಟ್ಟಿನವರೆಗೂ ಕಪ್ಪಾಗಿತ್ತು.

ಚಿಕ್ಕಸ್ವಾಮಿ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಪುಟ್ಟರಾಜು ಟಿಫನ್ ಡಬ್ಬಿ ತೆರೆಯುತ್ತಿದ್ದ ಮೇಜಿನ ಮುಂದೆ ನಿಂತು, “ತಪ್ಪು ನಂದು ಸಾರ್. ಆಕೆ ತಾನಾಗಿ ಹೋಗ್ಲಿಲ್ಲ. ಬೆರಳು ಹಿಡೀದೆ ಅಂಗೈಗೆ ಹುಯ್ದುಬಿಟ್ಟೆ,” ಅಂದ. ಡಬ್ಬಿ ಮುಚ್ಚಿ, ಪುಟ್ಟರಾಜು ಡೈರಿಯನ್ನೂ ಪೆನ್ನನ್ನೂ ಇವನ ಕಡೆಗೇ ತಳ್ಳಿದ. ಮಕ್ಕಳಿಗೆ ಅಕ್ಷರ ತಿದ್ದಿಸುವ ಕೈ ಎರಡು ಸಾಲು ಬರೆಯಿತು.

“ಯಾಕೆ ಹುಯ್ದೆ ಅಂತಾನೂ ಬರೀಬೇಕಾ ಸಾರ್?”

“ಅದು ನಂಗೊತ್ತು ಮೇಷ್ಟ್ರೆ,” ಅಂದ ಪುಟ್ಟರಾಜು, ಅವನ ಕಡೆ ನೋಡದೆ. “ಇದ್ರಲ್ಲಿ ಅದಕ್ಕೆ ಕಾಲಂ ಇಲ್ಲ. ಸೈನ್ ಮಾಡಿ.”

ಚಲುವರಾಜು ಬೆಂಚಿನಿಂದ ಎದ್ದು ಬಂದು, ತೋಳು ಹಿಡಿದು ಬಾಗಿಲ ಮೂಲೆಗೆ ಎಳೆದ. ಕೋಪಕ್ಕಿಂತ ಅವನ ಮುಖದಲ್ಲಿ ಅರ್ಥವಾಗದ ಕಷ್ಟವೇ ಹೆಚ್ಚಾಗಿತ್ತು. ಒಂದು ಓಟಿಗೋಸ್ಕರ ಮನೆಯವರ ಮುಖಕ್ಕೆ ಮಸಿ ಬಳೀತೀಯಾ ಬಾವ, ಅಪ್ಪಯ್ಯನಿಗೆ ನಾನೇನು ಹೇಳಲಿ ಎಂದ. ಚಿಕ್ಕಸ್ವಾಮಿ ತೋಳು ಬಿಡಿಸಿಕೊಂಡ. ಮಸಿ ಬಳಿದದ್ದು ನಾನೇ, ಬಳಿದದ್ದು ಅವಳ ಕೈಗೆ, ಬುಡು ಚಲುವ ಎಂದಷ್ಟೇ ಹೇಳಿ ಹೊರಗೆ ಹೋದ.

ಹುಣಸೆಮರ ಇಪ್ಪತ್ತು ಹೆಜ್ಜೆ. ಅಷ್ಟು ದೂರದಲ್ಲಿ ಅವಳನ್ನು ಏನೆಂದು ಕರೆಯುವುದು ಎಂಬುದೇ ತೀರ್ಮಾನವಾಗಲಿಲ್ಲ. ಊರಿನಲ್ಲಿ ಪ್ರತಿಯೊಬ್ಬಳೂ ಅತ್ತೆಯೋ ಚಿಕ್ಕವ್ವನೋ ದೊಡ್ಡವ್ವನೋ ಆಗಿರುವಾಗ, ಮೊದಲು ಎತ್ತಿಕೊಂಡವಳಿಗೆ ಮಾತ್ರ ಒಂದು ವರಸೆ ಇಟ್ಟಿರಲಿಲ್ಲ. ಹತ್ತಿರ ಹೋಗಿ “ಅಜ್ಜಿ” ಅಂದ. ಸಿದ್ದಿ ತನ್ನನ್ನಲ್ಲವೆಂದು ಪಕ್ಕದ ಮುದುಕಿಯ ಕಡೆ ನೋಡಿದಳು. ಅವನು ಅವಳೆದುರು ಕುಕ್ಕರುಗಾಲಲ್ಲಿ ಕೂತು, ಓಟು ಇನ್ನೂ ಆಗಿಲ್ಲ ಅಜ್ಜಿ, ಚೀಟಿ ತಗೊಂಡು ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕಬೇಕು, ನಾನು ಸರಿಯಾಗಿ ಹೇಳಲಿಲ್ಲ, ಬಾ ಎಂದು ಒಂದೇ ಉಸಿರಿಗೆ ಹೇಳಿದ. ಅವಳ ಮುಖ ಸಣ್ಣದಾಯಿತು. ಇದುವರೆಗೂ ಸಂತೋಷದಿಂದ ಎತ್ತಿ ತೋರಿಸುತ್ತಿದ್ದ ಅಂಗೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಇದು ಓಟಲ್ಲ ಎಂದು ಮೂರೂವರೆ ಗಂಟೆ ಗೊತ್ತಿದ್ದೂ ಸುಮ್ಮನೆ ಕೂತಿದ್ದೆ ಎಂಬುದನ್ನು ಹೇಳಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಒಳಗೆ ಬಂದಾಗ ಚಲುವರಾಜು ಅಡ್ಡ ಹಾಕಿದ. ಕೈಗೆ ಶಾಯಿ ಬಿದ್ದವರಿಗೆ ಮತ್ತೆ ಓಟಿಲ್ಲ, ಬರೆದುಕೊಳ್ಳಿ ನನ್ನ ತಕರಾರು ಎಂದ. ಚೀಟಿಯ ಪುಸ್ತಕದಲ್ಲಿ ಆಕೆಯ ಹೆಬ್ಬೆಟ್ಟಿಲ್ಲ, ಇವರ ಹೇಳಿಕೆ ಇದೆ, ತಕರಾರು ಬರೆದುಕೊಂಡೇ ಓಟು ಕೊಡುತ್ತೇನೆ ಎಂದ ಪುಟ್ಟರಾಜು. ಸಿದ್ದಿ ಇಬ್ಬರನ್ನೂ ನೋಡಿ, ಚಲುವರಾಜುವಿನ ಕಡೆ ತಿರುಗಿದಳು.

“ನೀನೂ ನನ್ ಕೈಗೇ ಬಿದ್ದೋನು ಕಣಪ್ಪ. ಕಾಲ್ ಮುಂದಾಗಿ ಬಂದೆ. ಆವತ್ತೂ ಇಂಗೇ ಅಡ್ಡ ಬಿದ್ದಿದ್ದೆ.”

ಬೆಂಚು ಮತ್ತೆ ನಕ್ಕಿತು. ಈ ಸಲ ನಗು ಅವಳ ಕಡೆಗಿತ್ತು. ಚಲುವರಾಜು ಕಿವಿಯವರೆಗೂ ಕೆಂಪಾಗಿ ಹೋಗಿ ಕೂತ.

ಅವಳ ಎಡ ತೋರುಬೆರಳ ಮೇಲೆ ಕ್ರಮಪ್ರಕಾರ ಗೆರೆ ಎಳೆಯಲೇಬೇಕು ಎಂದು ಪುಟ್ಟರಾಜು ಹೇಳಿದ. ಅಂಗೈ ಕಪ್ಪಾದರೂ ಉಗುರಿನ ಬುಡ ಬೆಳ್ಳಗೇ ಇತ್ತು. ಚಿಕ್ಕಸ್ವಾಮಿ ಮೇಜಿನ ಈಚೆ ಬಂದು ನಿಂತು ಎಡಗೈ ಚಾಚಿದ. ಸಿದ್ದಿ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಹಟವಲ್ಲ, ಅವನ ಮೇಲಿನ ಅಕ್ಕರೆಯಿಂದಲೇ, ನಾಲ್ಕು ಜನರ ಮುಂದೆ ಅವನಿಗೆ ಕೆಡುಕಾಗಬಾರದೆಂದೇ ಸರಿದಳು.

“ಬ್ಯಾಡ ಬುದ್ದಿ. ನಿನ್ ಪುರುಡು ಕಳ್ದು ಸ್ಯಾನೆ ವರ್ಸಾತು. ಈಗ ನಾನು ಮುಟ್ಬಾರ್ದು.”

ಸ್ಟಾಫ್ ರೂಮಿನ ಮಾತುಗಳೆಲ್ಲ ಇದ್ದವು, ಕಾಯಿದೆ ಇತ್ತು, ಕಲಮುಗಳಿದ್ದವು, ಯಾವುದೂ ಅವಳಿಗೆ ಹೇಳುವಂಥದ್ದಲ್ಲ. ಅವನಿಗೆ ತಿಳಿಯುವ ಮೊದಲೇ ಅವಳ ಭಾಷೆಯಲ್ಲಿ ಬಾಯಿಗೆ ಬಂತು.

“ಇನ್ನೂ ಕಳ್ದಿಲ್ಲ ಕಣಜ್ಜಿ. ಇವತ್ತೇ ಅನ್ನೊಂದ್ನೇ ದಿನ. ಇಡ್ಕೊ.”

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನಕ್ಕಳು, ಮೊದಲಿನ ನಗುವಲ್ಲ. “ಕಳ್ಳ, ನಿಮ್ಮವ್ವನಂಗೇ ಮಾತಾಡ್ತೀಯ ಮಗ,” ಎಂದು ಮುಂದೆ ಬಂದು ಕೈ ಕೊಟ್ಟಳು. ಕೊಟ್ಟದ್ದಲ್ಲ, ಹಿಡಿದಳು. ಅವನ ಅಂಗೈಯನ್ನು ಮಗುಚಿ, ಬೆರಳುಗಳನ್ನು ಒಂದೊಂದಾಗಿ ನೀವಿ, ಮಣಿಕಟ್ಟನ್ನು ಒತ್ತಿ ನೋಡಿದಳು, ಆಗ ತಾನೇ ಹುಟ್ಟಿದ ಕೂಸಿಗೆ ಎಲ್ಲ ಸರಿಯಾಗಿದೆಯೇ ಎಂದು ನೋಡುವ ಹಾಗೆ. ಅವನಿಗೆ ಕಣ್ಣು ತುಂಬಿತು. ಗೆರೆ ಸೊಟ್ಟಗಾಯಿತು. ಪುಟ್ಟರಾಜು ಕೈಪಿಡಿಯಲ್ಲಿ ಇಲ್ಲದ ಏನನ್ನೋ ಹುಡುಕುತ್ತಿದ್ದ.

ಅವಳು ಮರೆಯ ಹಿಂದೆ ಹೋಗಿ ತುಂಬ ಹೊತ್ತಾದರೂ ಬರಲಿಲ್ಲ. ಇಷ್ಟು ಸಣ್ಣಗೆ ಮಡಿಸಿದರೆ ಸಾಕಾ ಎಂದು ಒಳಗಿನಿಂದಲೇ ಕೇಳಿದಳು, ಯಾರಿಗೂ ತೋರಿಸಬೇಡ ಎಂದು ಮೂರು ಜನ ಒಟ್ಟಿಗೆ ಕೂಗಿದರು. ಕೊನೆಗೆ ಬಂದು ಪೆಟ್ಟಿಗೆಯ ಬಾಯಿಗೆ ಚೀಟಿ ಇಟ್ಟು, ಬೆರಳಿನಿಂದ ನೂಕಿ, ಬಿತ್ತೇ ಎಂದು ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿದಳು. ಬಾಗಿಲ ಬಳಿ ನಿಂತು ಹಿಂತಿರುಗಿದಳು.

“ನಿಮ್ಮವ್ವಂಗೆ ಯೋಳು ಮಗ. ಸಿದ್ದಿ ಬಂದಿದ್ಲು, ಮುಂದ್ಲ ಬಾಗ್ಲಲ್ಲೇ ಒಳೀಕ್ ಬಂದು ಓದ್ಲು ಅಂತ.”

ಸಂಜೆ ಅವನ ಕಾಲು ಮಾವನ ಮನೆಯ ಬೀದಿಗೆ ತಿರುಗಲಿಲ್ಲ, ಅಲ್ಲಿಂದ ಕರೆಯೂ ಬರಲಿಲ್ಲ. ಪೆಟ್ಟಿಗೆ ಒಪ್ಪಿಸಿ, ಮಾರನೆಯ ದಿನ ಬೆಳಗಿನ ಬಸ್ಸಿಗೆ ಕ್ಯಾತನಹಳ್ಳಿಯಲ್ಲಿ ಇಳಿದಾಗ ಅವನ ಎಡಗೈಯಲ್ಲಿ ನಾಲ್ಕು ಕಡೆ ಕಪ್ಪು ಕಲೆಗಳಿದ್ದವು, ಗೆರೆ ಎಳೆದ ಮೇಲೂ ಅವಳು ಬಿಡದೆ ಹಿಡಿದಿದ್ದಾಗ ಹಸಿ ಶಾಯಿ ತಾಕಿದ ಕಡೆಗಳಲ್ಲಿ. ಬಸ್ಸಿನಲ್ಲಿ ಅದನ್ನು ಮತ್ತೆ ಮತ್ತೆ ನೋಡಿಕೊಂಡಿದ್ದ, ಸುಳ್ಳೇಕೆ, ಒಂದಿಷ್ಟು ಹೆಮ್ಮೆಯಿಂದಲೇ ನೋಡಿಕೊಂಡಿದ್ದ. ಅವ್ವ ಜಗಲಿಯ ಬಿಸಿಲಿನಲ್ಲಿ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿದುಕುತ್ತಿದ್ದಳು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅವನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಬೊಗಸೆ, ಶಾಯಿ, ಪುಟ್ಟರಾಜು, ಚಲುವರಾಜು. ಹನ್ನೊಂದನೇ ದಿನದ ಮಾತನ್ನು ಎರಡು ಸಲ ಹೇಳಿದ. ಅವ್ವ ಕಲೆಯಾದ ಅವನ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒಮ್ಮೆ ಒತ್ತಿಕೊಂಡು ಬಿಟ್ಟಳು. ಮುಂದಲ ಬಾಗಿಲ ಸುದ್ದಿ ಕೇಳಿದಾಗ ಮಾತ್ರ ಹಿದುಕುತ್ತಿದ್ದ ಬೆರಳು ನಿಂತಿತು.

“ಕುರ್ಚಿ ಇದ್ವೇನ್ಲಾ ಅಲ್ಲಿ?”

“ಇದ್ವು. ಐದಾರಿದ್ವು. ಯಾಕವ್ವ?”

“ಅನ್ನೊಂದು ದಿನ ನಿನ್ನ ತನ್ ಕಾಲ್ ಮ್ಯಾಲೆ ಆಕ್ಕೊಂಡು ಬರೀ ನೆಲದ ಮ್ಯಾಲೆ ಕೂತಿದ್ಲು. ಒಂದು ಮಣೆ ಕೊಡವ್ವ ಅಂತ ನಮ್ಮವ್ವನ್ನ ಕೇಳಾಕೆ ನಂಗೆ ಬಾಯಿ ಬರ್ನಿಲ್ಲ.” ಅವ್ವ ಒಂದು ಕಾಳನ್ನು ಹಿದುಕಿ ಮೊರಕ್ಕೆ ಹಾಕಿದಳು. “ನೀನು ಕೂರ್ಸುದ್ಯಾ?”

ಮತಗಟ್ಟೆಯಲ್ಲಿ ತಾನು ಎದ್ದಾಗ ಹಿಂದಕ್ಕೆ ಬಿದ್ದಿದ್ದ ಕುರ್ಚಿ ಚಿಕ್ಕಸ್ವಾಮಿಯ ಕಣ್ಣಿಗೆ ಬಂತು. ಅದನ್ನು ಎತ್ತಿ ನಿಲ್ಲಿಸಿದ್ದು ನೆನಪಿತ್ತು. ಎತ್ತಿ ನಿಲ್ಲಿಸಿ, ತಾನೇ ಕೂತಿದ್ದ. ಎಪ್ಪತ್ತು ದಾಟಿದವಳು ಚೀಟಿ ಹರಿಯುವ ತನಕ, ತಕರಾರು ಬರೆಯುವ ತನಕ, ಹೆಬ್ಬೆಟ್ಟೊತ್ತಿಸಿಕೊಳ್ಳುವ ತನಕ ನಿಂತೇ ಇದ್ದಳು. ಅವನಿಗೂ ಹೊಳೆದಿರಲಿಲ್ಲ, ಪುಟ್ಟರಾಜುವಿಗೂ ಹೊಳೆದಿರಲಿಲ್ಲ.

“ಇಲ್ಲ ಕಣವ್ವ,” ಅಂದ. “ಮುಂದ್ಲ ಸಲ.”

“ಮುಂದ್ಲ ಎಲೆಕ್ಸನ್ನು ಯಾವಾಗ್ಲಾ?”

“ಐದು ವರ್ಸಕ್ಕೆ.”

ಅವ್ವ ಮೊರವನ್ನು ಒಮ್ಮೆ ಕೊಡವಿ, ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದಳು. “ಅಲ್ಲೀಗಂಟ ನಿಂತೇ ಇರ್ಬೇಕೇನ್ಲಾ ಅವ್ಳು?”